ದಾರವಿಲ್ಲದ ರೀಲು

ಮೊನ್ನೆ ದಿಂಬಿನ ಕವರಿನ ಹೊಲಿಗೆ ಬಿಚ್ಚಿತ್ತೆಂದು ಹಳೆಯ ಹೊಲಿಗೆ ಯಂತ್ರದ ಡ್ರಾವರ್ ಎಳೆದೆ. ಮಳೆಗಾಲದಲ್ಲಿ ಅದರ ಮರ ಉಬ್ಬಿಕೊಳ್ಳುತ್ತದೆ. ಮೂರು ಸಲ ಜಗ್ಗಿದ ಮೇಲೆ ಬಂತು. ಅದರ ಹಿಂದೆಯೇ ಒಂದು ವಾಸನೆ. ಮಶೀನ್ ಎಣ್ಣೆ, ತುಕ್ಕು, ಒದ್ದೆ ಮರ, ಮೂರೂ ಕೂಡಿದ್ದು. ಗುಂಡಿಗಳ ಡಬ್ಬಿಯ ಪಕ್ಕದಲ್ಲಿ ಒಂದು ಮರದ ರೀಲು ಬಿದ್ದಿತ್ತು. ಮೈಮೇಲೆ ಒಂದೆಳೆ ದಾರವಿಲ್ಲ. ನಡುವಿನ ತೂತಿನಲ್ಲಿ ಕರಿಯ ಟೇಪು ಪೋಣಿಸಿ, ಒಂದು ಮಗುವಿನ ಕೊರಳಿಗೆ ಆಗುವಷ್ಟು ಉದ್ದಕ್ಕೆ ಗಂಟು ಹಾಕಿತ್ತು.

ಆ ಗಂಟು ಹಾಕಿದವಳು ನಾನೇ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ. ಕವರು ತೊಡೆಯ ಮೇಲೆ ಹಾಗೇ ಇತ್ತು.

ನಾನು ಹುಟ್ಟಿದ್ದು ಬೆಳಗಾವಿಯಲ್ಲಿ, ಓದಿದ್ದು ಅಲ್ಲಿಯ ಕಾನ್ವೆಂಟಿನಲ್ಲಿ, ಮದುವೆಯಾಗಿ ಬಂದದ್ದು ಪುಣೆಯ ಈ ಚಿಂಚವಾಡಕ್ಕೆ. ನನ್ನವರು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದರು. ಅವರು ಹೋಗಿ ಈಗ ಆರು ವರ್ಷ. ನನ್ನ ಕನ್ನಡದಲ್ಲಿ ಇಂಗ್ಲಿಷು ಅಕ್ಕಿಯೊಳಗಿನ ಕಲ್ಲಿನ ಹಾಗೆ ಅಲ್ಲಲ್ಲಿ ಸಿಗುತ್ತದೆ. ಆರಿಸಿ ತೆಗೆಯುವ ವಯಸ್ಸು ದಾಟಿತು, ಓದುವವರು ದಯವಿಟ್ಟು ಎಕ್ಸ್‌ಕ್ಯೂಸ್ ಮಾಡಬೇಕು.

ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆಗಳು ಎರಡು ತೆರ. ಒಂದು ನಮ್ಮಂಥವರವು, ಧಾರವಾಡ ಬೆಳಗಾವಿ ಕಡೆಯಿಂದ ಎಂದೋ ಬಂದು ಬೇರು ಬಿಟ್ಟವರು; ಅವರ ಮೊಮ್ಮಕ್ಕಳು ಹೊಸ್ತಿಲು ದಾಟಿದರೆ ಮರಾಠಿ. ಇನ್ನೊಂದು, ಹಿಂಜವಡಿಯ ಕಂಪನಿಗಳಿಗೆ ಬೆಂಗಳೂರು ಮೈಸೂರಿನಿಂದ ಬಂದವರ ಮನೆಗಳು. ಆ ಮಕ್ಕಳದು ಅರ್ಧ ಇಂಗ್ಲಿಷ್. ಆ ವರ್ಷ ಜೂನ್‌ನಲ್ಲಿ ಕೆಲವು ತಾಯಂದಿರು ಬಂದು, "ಆಂಟಿ, ಶನಿವಾರ ಒಂದು ಗಂಟೆ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀರಾ? ಗಣಪತಿ ಹಬ್ಬಕ್ಕೆ ಏನಾದರೂ ಪದ್ಯ ಓದಿಸಿದರೆ ಚೆನ್ನಾಗಿರುತ್ತೆ," ಎಂದು ಕೇಳಿದರು. ನನಗೆ ಶನಿವಾರವೂ ಬುಧವಾರವೂ ಒಂದೇ ಆಗಿದ್ದ ದಿನಗಳು ಅವು. ಒಪ್ಪಿಕೊಂಡೆ.

ಸೊಸೈಟಿಯ ಹಾಲಿನಲ್ಲಿ, ಟೇಬಲ್ ಟೆನಿಸ್ ಮೇಜನ್ನು ಗೋಡೆಗೆ ಸರಿಸಿ, ಒಂಬತ್ತು ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿಕೊಂಡೆ. ಮಳೆ ಆಗಷ್ಟೇ ಹಿಡಿದಿತ್ತು. ಹೊರಗೆ ಒಂಬತ್ತು ಜೊತೆ ಒದ್ದೆ ಚಪ್ಪಲಿ, ಒಳಗೆ ಮೂರು ಭಾಷೆಯ ಗದ್ದಲ, ಅದರಲ್ಲಿ ಕನ್ನಡ ಮಾತ್ರ ಇಲ್ಲ. ಎರಡು ಶನಿವಾರ ಹಾಗೇ ಹೋಯಿತು. ಮೂರನೆಯ ಶನಿವಾರದ ಹೊತ್ತಿಗೆ ನನಗೊಂದು ಐಡಿಯಾ ಹೊಳೆಯಿತು. ಅದು ನನ್ನದೇ ಐಡಿಯಾ ಎಂದು ಆಗ ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ.

ಹೊಲಿಗೆ ಯಂತ್ರದ ಡ್ರಾವರಿನಿಂದ ಹಳೆಯದೊಂದು ಮರದ ರೀಲು ತೆಗೆದೆ. ಉಳಿದಿದ್ದ ದಾರ ಬಿಚ್ಚಿದೆ. ಕರಿಯ ಟೇಪು ಪೋಣಿಸಿದೆ. ಕೆಂಪು ರಿಬ್ಬನ್ ಇತ್ತು, ಹಳದಿ ಲೇಸು ಇತ್ತು. ಮಕ್ಕಳಿಗೆಂದು ಮಾಡುವಾಗ ಕರಿಯದನ್ನೇ ಏಕೆ ಆರಿಸಿದೆ ಎಂದು ನನ್ನ ಕೈಯನ್ನು ನಾನು ಕೇಳಲಿಲ್ಲ.

"ಇದು ರೀಲು," ಎಂದೆ ಮಕ್ಕಳಿಗೆ.

"ವೀಡಿಯೋ ಎಲ್ಲಿದೆ?" ಎಂದ ಓಂ. ಅವನಿಗೆ ಐದು ವರ್ಷ.

"ವೀಡಿಯೋ ಇಲ್ಲಪಾ. ಈ ಕ್ಲಾಸಿನಾಗ ಯಾರು ಬ್ಯಾರೆ ಭಾಷಾ ಮಾತಾಡ್ತಾರೋ ಅವರ ಕೊರಳಿಗೆ ಇದು. ಮತ್ತೊಬ್ಬರನ್ನ ಹಿಡಿದ್ರ ಅವರಿಗೆ ದಾಟಿಸಬಹುದು. ಕ್ಲಾಸ್ ಮುಗಿಯೋ ಹೊತ್ತಿಗೆ ಯಾರ ಹತ್ರ ಇರ್ತದೋ ಅವರು ಬೋರ್ಡ್ ಒರೆಸಿ, ಎಲ್ಲಾರ ಮುಂದ ನಿಂತು ಒಂದು ಹಾಡು ಹೇಳಬೇಕು."

ಮಕ್ಕಳು ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯೊಳಗೆ ಅವರೆಲ್ಲ ವಕೀಲರಾದರು. ಬಸ್ಸು ಕನ್ನಡವೋ ಅಲ್ಲವೋ, ಪೆನ್ಸಿಲ್ ಅಂದರೆ ರೀಲು ಬೀಳುತ್ತದೋ ಇಲ್ಲವೋ. ನಾನು ಒಮ್ಮೆ "ಎಕ್ಸಾಕ್ಟ್ಲಿ" ಅಂದಾಗ ಒಂಬತ್ತು ಬೆರಳು ನನ್ನ ಕಡೆ ತಿರುಗಿದವು. "ಟೀಚರಿಗೆ ರೀಲಿಲ್ಲ," ಎಂದೆ. ಅವರೂ ನಕ್ಕರು, ನಾನೂ ನಕ್ಕೆ.

ಪದ್ಯದ ಕೆಲಸ ಜುಲೈಯಲ್ಲಿ ಶುರುವಾಯಿತು. ವಿಷಯ ಒಂದೇ, ಗೆಳೆತನ. ಇಬ್ಬಿಬ್ಬರು, ಒಂದು ಕಡೆ ಮಾತ್ರ ಮೂವರು, ಜೋಡಿಯಾಗಿ ಒಬ್ಬರು ಇನ್ನೊಬ್ಬರ ಮೇಲೆ ಬರೆಯಬೇಕು. ನಾಲ್ಕೇ ಸಾಲು, ರೈಮ್ ಬೇಡ. ಗೆಳತಿ ಏನು ತಿನ್ನುತ್ತಾಳೆ, ಮಳೆ ಬಂದರೆ ಏನು ಮಾಡುತ್ತಾಳೆ, ನಿನಗೆ ಮಾತ್ರ ಗೊತ್ತಿರುವುದೇನು, ಇಬ್ಬರೂ ಕೂಡಿದರೆ ಏನಾಗುತ್ತದೆ. ಕಣ್ಣಿಂದ ಕಂಡದ್ದನ್ನೇ ಬರೆಯಬೇಕು. ಒಳ್ಳೆಯವಳು, ಜಾಣೆ, ಮುದ್ದು ಎಂಬ ಮಾತೆಲ್ಲ ಬಂದ್. ಮತ್ತು ಸುಳ್ಳು ಬರೆಯಬಾರದು.

ಓಂನಿಗೆ ಅಕ್ಷರ ಬರುತ್ತಿರಲಿಲ್ಲ, ಹೇಳಿ ಬರೆಸಿದ.

ನನ್ನ ಗೆಳೆಯ ಅಥರ್ವ.
ಅವನು ಕಚ್ಚುತ್ತಾನೆ.
ನಾನೂ ಕಚ್ಚುತ್ತೇನೆ.
ಆಮೇಲೆ ಬಿಸ್ಕೀಟು.

ಇದಕ್ಕಿಂತ ಒಳ್ಳೆಯ ಪದ್ಯವನ್ನು ಆ ಹಾಲಿನಲ್ಲಿ ಯಾರೂ ಬರೆಯಲಾರರು ಎಂದುಕೊಂಡೆ. ಮುಂದಿನ ವಾರ ಇರಾ ತನ್ನ ಗೆಳತಿ ಮೃಣಾಲ್ ಮೇಲೆ ಬರೆದು ತಂದಳು.

ವಡಾಪಾವಿನ ವಡೆ ಅವಳಿಗೆ, ಪಾವ್ ನನಗೆ.
ಮಳೆ ಬಂದರೆ ನಮ್ಮಿಬ್ಬರಿಗೆ ಒಂದೇ ಛತ್ರಿ.
ನನ್ನ ಎಡಗೈ ಒದ್ದೆ, ಅವಳ ಬಲಗೈ ಒದ್ದೆ.
ನಡುವೆ ಒಣ.

ಇರಾ ಮೈಸೂರಿನ ಕಡೆಯ ಹುಡುಗಿ, ಏಳು ವರ್ಷ, ಪಟಪಟ ಮಾತು. ಮೃಣಾಲ್ ಅವಳಿಗಿಂತ ಒಂದು ವರ್ಷ ದೊಡ್ಡವಳು, ಇಲ್ಲೇ ಹುಟ್ಟಿದವಳು, ಧಾರವಾಡದ ಶಾರದಕ್ಕನ ಮೊಮ್ಮಗಳು. ಇಬ್ಬರೂ ಒಂದೇ ವಿಂಗಿನವರು, ಒಂದೇ ಸ್ಕೂಲ್ ಬಸ್ಸು. ನನ್ನ ಕ್ಲಾಸಿಗೆ ಬರುವಾಗ ಆ ಒಂದು ಛತ್ರಿ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಕಾಂಪೌಂಡ್ ದಾಟಿ ಬರುತ್ತಿತ್ತು.

ಆಮೇಲಿನ ಶನಿವಾರ ಮಳೆ ಜೋರಾಗಿ ಕರೆಂಟ್ ಹೋಯಿತು. ಕ್ಲಾಸ್ ಮುಗಿಯಲು ಐದು ನಿಮಿಷವಿತ್ತು. ನಾನು ಮೂಲೆಯಲ್ಲಿ ಇನ್ವರ್ಟರಿನ ಸ್ವಿಚ್ಚು ತಡವುತ್ತಿದ್ದೆ. ರೀಲು ಇರಾಳ ಕೊರಳಲ್ಲಿತ್ತು. ಹಿಂದಿನಿಂದ ಅವಳ ಧ್ವನಿ ಕೇಳಿತು. "ಮೃಣಾಲ್, ಕಿಟಕಿ ಹತ್ರ ನೋಡು, ಅದೇನು ಹೇಳು?" ಮೃಣಾಲ್ ಏನೋ ಅಂದಳು. ಅದು ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ.

"ಅಜ್ಜಿ, ಮೃಣಾಲ್ ಕನ್ನಡ ಹೇಳ್ಲಿಲ್ಲ."

"ಹಂಗಾದ್ರ ಹಾಕು ರೀಲು," ಎಂದೆ, ಕತ್ತು ತಿರುಗಿಸದೆ.

ಆ ದಿನ ಬೋರ್ಡ್ ಒರೆಸಿದವಳು ಮೃಣಾಲ್. ಹಾಡು ಬರಲಿಲ್ಲ ಅವಳಿಗೆ. ಬಾಯಿ ತೆರೆದಳು, ಮುಚ್ಚಿದಳು. "ಇರಲಿ ಬಿಡು, ನೆಕ್ಸ್ಟ್ ಟೈಮ್," ಎಂದು ನಾನು ದೊಡ್ಡ ಮನಸ್ಸು ಮಾಡಿದೆ.

ಅದರ ಮುಂದಿನ ಎರಡು ಶನಿವಾರ ಮೃಣಾಲಳ ಕೊರಳಿಗೆ ರೀಲು ಒಮ್ಮೆಯೂ ಬೀಳಲಿಲ್ಲ. "ನೋಡ್ರಿ, ಮೃಣಾಲ್ ಎಷ್ಟು ಹುಷಾರಾಗಿದ್ದಾಳ," ಎಂದು ಉಳಿದವರಿಗೆ ತೋರಿಸಿದೆ. ಅವಳು ಬಾಯಿಯನ್ನೇ ತೆರೆದಿರಲಿಲ್ಲ ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ. ಕಾನ್ವೆಂಟಿನಲ್ಲಿ ಓದಿದವರಿಗೆ ಮೌನ ಯಾವಾಗಲೂ ಡಿಸಿಪ್ಲಿನ್ನಿನ ಹಾಗೆಯೇ ಕಾಣುತ್ತದೆ.

ಆಗಸ್ಟಿನ ಒಂದು ಶನಿವಾರ ಮೃಣಾಲ್ ತನ್ನ ಪದ್ಯದ ಹಾಳೆಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದಳು. ಮಕ್ಕಳೆಲ್ಲ ಹೋದ ಮೇಲೆ ಕನ್ನಡಕ ಒರೆಸಿಕೊಂಡು ಓದಿದೆ.

ನನ್ನ ಗೆಳತಿ ಇರಾ ಚಪಾತಿಯ ಅಂಚು ಮೊದಲು ತಿನ್ನುತ್ತಾಳೆ.
ಮಳೆ ಬಂದರೆ ನಾನು ಬೇರೆ ಛತ್ರಿ ತರುತ್ತೇನೆ.
ರೀಲು ಇದ್ದಲ್ಲಿ ಅವಳು ಕೇಳಿದರೆ ನಾನು ಹೇಳುವುದಿಲ್ಲ.
ರೀಲು ಇಲ್ಲದ ಕಡೆ ನಾವು ಗೆಳತಿಯರು.

ಮೊದಲ ಓದಿಗೆ, ಪರವಾಗಿಲ್ಲ, ನಾಲ್ಕು ಸಾಲು ಸರಿಯಾಗಿವೆ ಎನ್ನಿಸಿತು. ಎರಡನೆಯ ಸಲ ಓದುವಾಗ ಮೂರನೆಯ ಸಾಲಿನಲ್ಲಿ ನಿಂತೆ. ಮೇಜಿನ ಮೇಲೆ, ಹಾಳೆಯ ಪಕ್ಕದಲ್ಲೇ, ರೀಲು ಇತ್ತು. ಹಾಲಿನ ಮಬ್ಬು ಬೆಳಕಿನಲ್ಲಿ ಅದರ ಕರಿಯ ಟೇಪನ್ನು ನಾನು ಮೊದಲ ಬಾರಿಗೆ ನೋಡಿದೆ. ಅಂದರೆ, ಮೊದಲ ಬಾರಿ ಅಲ್ಲ.

ನಮ್ಮ ಕಾನ್ವೆಂಟಿನಲ್ಲೂ ಒಂದು ರೀಲು ಇತ್ತು. ಹೊಲಿಗೆ ಕಲಿಸುವ ಸಿಸ್ಟರ್ ಮಾಡಿದ್ದು. ಮರದ್ದು, ಕರಿಯ ಟೇಪಿನದು. ಕನ್ನಡವೋ ಮರಾಠಿಯೋ ಬಾಯಿಗೆ ಬಂದವಳ ಕೊರಳಿಗೆ ಅದು. ಇನ್ನೊಬ್ಬಳನ್ನು ಹಿಡಿದರೆ ದಾಟಿಸಬಹುದು. ಶುಕ್ರವಾರ ಸಂಜೆಯ ಬೆಲ್ಲಿಗೆ ಯಾರ ಕೊರಳಲ್ಲಿ ಸಿಕ್ಕಿತೋ ಅವಳು ಸೋಮವಾರದ ಅಸೆಂಬ್ಲಿಯಲ್ಲಿ ಅದನ್ನು ಧರಿಸಿ ಇಡೀ ಶಾಲೆಯ ಮುಂದೆ ನಿಲ್ಲಬೇಕು. ಅರವತ್ತು ವರ್ಷ ದಾಟಿತ್ತು. ಕಾನ್ವೆಂಟ್ ಎಂದರೆ ನನಗೆ ಪಿಯಾನೋ, ಪ್ಲಮ್ ಕೇಕು, ಇಸ್ತ್ರಿ ಮಾಡಿದ ಪಿನಾಫೋರ್. ನನ್ನ ಮಗಳಿಗೆ ಸಾವಿರ ಸಲ ಹೇಳಿದ ಕಥೆಗಳಲ್ಲಿ ಈ ರೀಲು ಒಮ್ಮೆಯೂ ಬಂದಿರಲಿಲ್ಲ. ನಾನು ಅದನ್ನು ಮುಚ್ಚಿಟ್ಟಿರಲಿಲ್ಲ, ನಿಜವಾಗಿ ಮರೆತಿದ್ದೆ. ಆದರೆ ಕೈ ಮರೆತಿರಲಿಲ್ಲ. ಅದೇ ಮರ, ಅದೇ ಬಣ್ಣ, ಅದೇ ಉದ್ದದ ಗಂಟು. ಅದೇ ನಿಯಮಗಳನ್ನು ಒಂದೊಂದಾಗಿ ನಾನು ಈ ಮಕ್ಕಳಿಗೆ ಹೇಳಿದ್ದೆ, ಚಪ್ಪಾಳೆ ತಟ್ಟಿಸಿಕೊಂಡಿದ್ದೆ.

ರೀಲಿನ ಹಿಂದೆ ಕುಸುಮ್ ಬಂದಳು.

ಕುಸುಮ್ ನಾಲ್ಕನೆಯ ಇಯತ್ತೆಯಲ್ಲಿ ನನ್ನ ಬೆಂಚಿನವಳು. ಒಂದು ಶುಕ್ರವಾರ ರೀಲು ನನ್ನ ಕೊರಳಲ್ಲಿತ್ತು. ಆಗಲೇ ಎರಡು ಸೋಮವಾರ ಅಸೆಂಬ್ಲಿಯಲ್ಲಿ ನಿಂತಿದ್ದೆ. ಮೂರನೆಯದಾದರೆ ಅಪ್ಪನಿಗೆ ಪತ್ರ ಹೋಗುತ್ತಿತ್ತು. ಬೆಲ್ಲಿಗೆ ಹತ್ತು ನಿಮಿಷ. ಎಲ್ಲರೂ ನನ್ನನ್ನು ಕಂಡರೆ ಬಾಯಿ ಹೊಲಿದುಕೊಂಡು ಓಡುತ್ತಿದ್ದರು. ಚಾಪೆಲ್ಲಿನ ಮೆಟ್ಟಿಲ ಹತ್ತಿರ ಕುಸುಮ್ ಒಬ್ಬಳೇ ಇದ್ದಳು. ನಾನು ಮೆಟ್ಟಿಲ ಕೆಳಗೆ ಕೂತು, ಮೊಣಕಾಲು ಹಿಡಿದುಕೊಂಡು, ಅಳುವ ದನಿ ತೆಗೆದೆ. ಅವಳು ಓಡಿ ಬಂದಳು. "ಏನಾತ ಲೀಲಾ, ಬಿದ್ದ್ಯಾ?" ಅಂದಳು. ಅಷ್ಟೇ. ಗಾಬರಿಯಲ್ಲಿ ಯಾರಿಗಾದರೂ ತಾಯಿಯ ಭಾಷೆಯೇ ಬರುತ್ತದೆ; ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಗೆ ಕೂತಿದ್ದೆ. ರೀಲು ತೆಗೆದು ಅವಳ ಕೊರಳಿಗೆ ಹಾಕಿ ಹೊರಟುಹೋದೆ.

ಸೋಮವಾರ ಅವಳು ನಿಂತಳು. ನಾನು ಸಾಲಿನಲ್ಲಿ ನಿಂತು ಅವಳ ಸಾಕ್ಸ್ ನೋಡುತ್ತಿದ್ದೆ. ಅವಳು ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಮೆಟ್ರಿಕ್ ಮುಗಿಯುವವರೆಗೆ ಏಳು ವರ್ಷ ಅವಳು ನನ್ನ ಜೊತೆ ಬರೀ ಇಂಗ್ಲಿಷ್ ಮಾತಾಡಿದಳು. ಶಾಲೆಯಲ್ಲೂ, ಪೇಟೆಯಲ್ಲಿ ಎದುರಾದಾಗಲೂ, ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಾಗಲೂ. "ಥ್ಯಾಂಕ್ ಯೂ, ಲೀಲಾ." "ನೋ, ಇಟ್ಸ್ ಆಲ್‌ರೈಟ್, ಲೀಲಾ." ತಪ್ಪಿಲ್ಲದ, ಇಸ್ತ್ರಿ ಮಾಡಿದಂಥ ಇಂಗ್ಲಿಷು.

ಹಾಲಿಗೆ ಬೀಗ ಹಾಕಲು ಬಂದ ವಾಚ್‌ಮನ್, "ಆಜಿ, ಬರೆ ಆಹಾತ್ ನಾ?" ಎಂದ. ಆರಾಮ ಇದ್ದೀರಲ್ಲ ಎಂದು ಕೇಳುತ್ತಿದ್ದ. ರೀಲನ್ನೂ ಹಾಳೆಯನ್ನೂ ಎತ್ತಿಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಶಾರದಕ್ಕನ ಮನೆಗೆ ಹೋದೆ. ಅವರು ಹಾಲ್‌ನಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಬರ್ರಿ ಲೀಲಾಬಾಯಿ, ಕೂಡ್ರಿ. ನಾನೇ ನಿಮ್ಮ ಕಡೆ ಬರಬೇಕಂತ ಮಾಡಿದ್ದೆ. ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಕೇಳ್ತೀನಿ."

"ಕೇಳ್ರಿ."

"ಈ ಹುಡುಗಿ ನನ್ನ ಜೋಡಿ ಮರಾಠಿ ಮಾತಾಡ್ಲಿಕ್ಕತ್ತಾಳ. ಮೂರು ವಾರ ಆತು. ಅವರಪ್ಪ ಅವ್ವನ ಜೋಡಿ ಮೊದಲಿಂದನೂ ಮರಾಠಿನೇ ಬಿಡ್ರಿ. ನಮ್ಮ ಸೊಸಿ ಇಲ್ಲಿಯಾಕಿ. ಆದ್ರ ನನ್ನ ಜೋಡಿ ಕನ್ನಡ ಇತ್ತು. ಈ ಮನ್ಯಾಗ ನನ್ನ ಕನ್ನಡ ಕೇಳಾಕಿ ಅಕಿ ಒಬ್ಬಾಕಿನೇ ಇದ್ಲು." ಶಾರದಕ್ಕ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಯಾಕವಾ ಅಂತ ಕೇಳ್ದೆ. 'ಆಜಿ, ತುಝ ಕನ್ನಡ ಖರ ನಾಹಿ' ಅಂದ್ಲು. ನಿನ್ನ ಕನ್ನಡ ಖರೇದಲ್ಲ ಅಂತ."

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು.

"ಕಿಟಕ್ಯಾಗ ಪಾತರಗಿತ್ತಿ ಕೂತಿತ್ತಂತ. ಇಕಿ ಪಾತರಗಿತ್ತಿ ಅಂದ್ಲಂತ. ಆ ಇನ್ನೊಂದು ಹುಡುಗಿ, ಅದು ಕನ್ನಡ ಅಲ್ಲ, ಚಿಟ್ಟೆ ಅನಬೇಕು ಅಂತಂದು ಕೊರಳಿಗೆ ಏನೋ ಕಟ್ಟಿದ್ಲಂತ. ಲೀಲಾ ಅಜ್ಜಿನೇ ಕಟ್ಟಂದ್ರು ಅಂತಾಳ. ನನಗ ನಂಬಿಕಿ ಬರಲಿಲ್ಲ ನೋಡ್ರಿ. ಲೀಲಾಬಾಯಿ ಬೆಳಗಾಂವದವರು, ಅವರಿಗೆ ಪಾತರಗಿತ್ತಿ ಗೊತ್ತಿಲ್ಲೇನು, ಸುಳ್ಳ ಹೇಳ್ತಿ ಅಂತ ನಾನೇ ಬೈದೆ ಅದಕ್ಕ."

ಪಾತರಗಿತ್ತಿ. ಚಿಕ್ಕವಳಿದ್ದಾಗ ನನ್ನ ಅವ್ವ ತೋರಿಸಿ ಹೇಳಿದ ಮೊದಲ ಮಾತುಗಳಲ್ಲಿ ಅದೊಂದು. ಆ ಮಗು ಹೇಳಿದ್ದು ಶುದ್ಧ ಕನ್ನಡ, ನನ್ನ ಮನೆಯ ಕನ್ನಡ. ಕತ್ತು ತಿರುಗಿಸಿ, ಏನಂದಿ ಮಗಾ ಎಂದು ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಕನ್ನಡ ಕಲಿಸುತ್ತೇನೆಂದು ಬಂದವಳು ಇದ್ದ ಕನ್ನಡವನ್ನೂ ತೆಗೆದಿದ್ದೆ. ಅಜ್ಜಿಯಿಂದ ಮೊಮ್ಮಗಳನ್ನು, ಗೆಳತಿಯಿಂದ ಗೆಳತಿಯನ್ನು. ಮೂರು ಶನಿವಾರ ಸಾಕಾಗಿತ್ತು.

"ಆಕಿ ಸುಳ್ಳು ಹೇಳಿಲ್ಲ ಶಾರದಕ್ಕ," ಎಂದೆ. "ನಾನೇ ಕಟ್ಟಿಸಿದ್ದು."

ಶಾರದಕ್ಕ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಎದ್ದು ಹೋಗಿ ಒಂದು ಕಪ್ ಚಹಾ ತಂದಿಟ್ಟರು. "ಆರ್ತದ, ಕುಡೀರಿ," ಅಂದರು. ಒಳಗಿನ ಕೋಣೆಯ ಬಾಗಿಲು ಒಂದು ಇಂಚು ತೆರೆದಿತ್ತು. ಅದರ ಹಿಂದೆ ಮೃಣಾಲ್ ನಿಂತಿದ್ದಾಳೆಂದು ನನಗೆ ಗೊತ್ತಿತ್ತು. ಕರೆಯುವ ಧೈರ್ಯ ಬರಲಿಲ್ಲ.

"ಈ ಶನಿವಾರ ಅಕಿನ್ನ ಕರಕೊಂಡು ನೀವೂ ಬರ್ರಿ," ಎಂದಷ್ಟೇ ಹೇಳಿ ಬಂದೆ.

ಬಂದರು. ಶಾರದಕ್ಕ ಟೇಬಲ್ ಟೆನಿಸ್ ಮೇಜಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮೃಣಾಲ್ ಜಮಖಾನದ ಒಂದು ತುದಿ, ಇರಾ ಇನ್ನೊಂದು ತುದಿ. ನಾನು ರೀಲನ್ನು ಎಲ್ಲರ ನಡುವೆ ಇಟ್ಟು ಕುಸುಮಳ ಕಥೆ ಹೇಳಿದೆ. ಮೆಟ್ಟಿಲು, ಮೊಣಕಾಲು, ಸುಳ್ಳು ಅಳು, ಎಲ್ಲ.

"ಆಮೇಲೆ ನೀವು ಸಾರಿ ಕೇಳಿದ್ರಾ?" ಎಂದಳು ಇರಾ.

"ಇಲ್ಲ."

"ಯಾವಾಗ್ಲೂ ಇಲ್ವಾ?"

"ಇಲ್ಲ."

"ನಾನು ಕಚ್ಚಿದ್ರೆ ಅವತ್ತೇ ಕೇಳಿಸ್ತಾರೆ," ಎಂದ ಓಂ. ಅವನ ಮುಖದಲ್ಲಿ ನಿಜವಾದ ಶಾಕ್ ಇತ್ತು. ದೊಡ್ಡವರನ್ನು ಹೀಗೂ ಬಿಟ್ಟುಬಿಡುತ್ತಾರೆಯೇ ಎಂಬಂಥದ್ದು.

ನಾನು ಮೃಣಾಲ್ ಕಡೆ ತಿರುಗಿದೆ. ರಾತ್ರಿಯಿಡೀ ಜೋಡಿಸಿಟ್ಟಿದ್ದ ಮಾತು ಬಾಯಿಗೆ ಬರುವಾಗ ಬೇರೆಯಾಯಿತು. "ಐ ಆಮ್ ಸಾರಿ, ಮೃಣಾಲ್. ಐ ಆಮ್ ವೆರಿ, ವೆರಿ ಸಾರಿ. ಪಾತರಗಿತ್ತಿ ಕನ್ನಡನೇ. ನಮ್ಮವ್ವನೂ ಹಂಗೇ ಅಂತಿದ್ಲು. ನಿಮ್ಮ ಅಜ್ಜಿ ಕನ್ನಡ ಖರೇದು. ತಪ್ಪು ನಂದು."

"ಇಂಗ್ಲಿಷ್," ಎಂದ ಓಂ, ಪಿಸುಗುಟ್ಟುತ್ತ. "ಅಜ್ಜಿ ಇಂಗ್ಲಿಷ್ ಮಾತಾಡಿದ್ರು."

ಯಾರೂ ನಗಲಿಲ್ಲ. ಮೃಣಾಲ್ ಎದ್ದು ಬಂದು ರೀಲು ಎತ್ತಿಕೊಂಡಳು. ನನ್ನ ತಲೆಯ ಮೇಲಿಂದ ಟೇಪು ಇಳಿಸಲು ನೋಡಿದಳು. ಅದು ನನ್ನ ತುರುಬಿಗೆ ಸಿಕ್ಕಿಕೊಂಡಿತು. ಅವಳು ಎರಡು ಕೈಯಿಂದ ಜಗ್ಗಿದಳು. ನನಗೆ ನೋವಾಯಿತು, ಸುಮ್ಮನೆ ಬಗ್ಗಿ ಕೂತೆ.

"ಬರವಲ್ತು," ಎಂದಳು ಅವಳು, ಅಜ್ಜಿಯ ಕಡೆ ತಿರುಗಿ. "ಅಜ್ಜಿ, ಇವರ ತಲಿ ಭಾಳ ದೊಡ್ಡದದ."

ನಾಲ್ಕು ವಾರಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು. ಶಾರದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ಬಗ್ಗಿದಲ್ಲಿಂದ ಕಾಣಲಿಲ್ಲ. ಇರಾ ಮಾತ್ರ ತನ್ನ ತುದಿಯಿಂದ ಏಳದೆ, "ನಂಗೆ ಗೊತ್ತಿರ್ಲಿಲ್ಲ, ಪ್ರಾಮಿಸ್," ಎಂದಳು. ನನಗಲ್ಲ, ಮೃಣಾಲ್‌ಗೆ. ಮೃಣಾಲ್ ವಾಪಸ್ ಹೋಗಿ ಕೂರುವಾಗ ಜಮಖಾನದ ನಡುವೆ ಕೂತಳು.

"ಈಗ ನೀವೂ ಬರೀರಿ," ಎಂದಳು ಇರಾ ನನಗೆ. "ಕುಸುಮ್ ಅವ್ರ ಮೇಲೆ. ನಾಲ್ಕು ಸಾಲು, ರೈಮ್ ಬೇಡ."

ತುರುಬಿನಲ್ಲಿ ರೀಲು ತೂಗುತ್ತಿದ್ದಂತೆಯೇ ಬೋರ್ಡಿನ ಮುಂದೆ ನಿಂತೆ. ಮೂರು ಸಾಲು ಬಂದವು. ನಾಲ್ಕನೆಯದನ್ನು, "ಅಂದು ಬಿದ್ದವಳು ನಾನು ಇಂದಿಗೂ ಎದ್ದಿಲ್ಲ," ಎಂದು ಬರೆದೆ. ನನಗೇ ಮೆಚ್ಚಿಗೆಯಾಯಿತು.

"ಆದ್ರೆ ನೀವು ನಿಂತ್ಕೊಂಡಿದ್ದೀರಲ್ಲ," ಎಂದಳು ಇರಾ. "ಬಿದ್ದೂ ಇಲ್ಲ. ಸುಳ್ಳು ಬರೀಬಾರ್ದು ಅಂತ ನೀವೇ ಹೇಳಿದ್ದು."

ಒರೆಸಿದೆ. ಬೇರೆ ಬರೆದೆ.

ಕುಸುಮಳ ಡಬ್ಬಿಯ ಅವಲಕ್ಕಿ ನನಗೆ, ನನ್ನ ಬ್ರೆಡ್ ಜಾಮ್ ಅವಳಿಗೆ.
ಮಳೆ ಬಂದರೆ ಅವಳು ಸಾಕ್ಸ್ ಬಿಚ್ಚಿ ಚೀಲದಲ್ಲಿ ಇಡುತ್ತಿದ್ದಳು.
ಮೆಟ್ಟಿಲ ಹತ್ತಿರ ಓಡಿ ಬಂದು "ಬಿದ್ದ್ಯಾ?" ಎಂದು ಕೇಳಿದಳು.
ನಾನು ಇನ್ನೂ ಉತ್ತರ ಕೊಟ್ಟಿಲ್ಲ.

"ಕೊಡಿ ಮತ್ತೆ," ಎಂದಳು ಇರಾ. ಅಷ್ಟು ಸುಲಭ ಅವಳಿಗೆ.

ಗಣಪತಿ ಹಬ್ಬದ ದಿನ ಪೆಂಡಾಲಿನ ತಾಡಪತ್ರಿಯ ಮೇಲೆ ಮಳೆ ಬಡಿಯುತ್ತಿತ್ತು. ಓಂ ತನ್ನ ಪದ್ಯ ಹೇಳಿ, ಕೊನೆಯ ಸಾಲಿಗೆ ನಿಜವಾಗಿಯೂ ಬಿಸ್ಕೀಟು ತೆಗೆದು ತಿಂದ. ಮೃಣಾಲ್ ಸ್ಟೇಜಿಗೆ ಬಂದಳು, ಇರಾಳ ಕೈ ಹಿಡಿದು ನಿಂತಳು, ಆದರೆ ಮೈಕ್ ಮುಂದೆ ಬಾಯಿ ತೆರೆಯಲಿಲ್ಲ. ಅವಳ ಹಾಳೆಯನ್ನು ಇರಾ ಓದಿದಳು. ಮೃಣಾಲ್ ಹೊಸದಾಗಿ ಬರೆದದ್ದು.

ಇರಾ ಚಿಟ್ಟೆ ಅನ್ನುತ್ತಾಳೆ, ನಾನು ಪಾತರಗಿತ್ತಿ.
ಮಳೆ ಬಂದರೆ ಅದು ಎಲೆಯ ಕೆಳಗೆ ಕೂರುತ್ತದೆ.
ಅದಕ್ಕೆ ತನ್ನ ಹೆಸರು ಗೊತ್ತಿಲ್ಲ.
ನಾವಿಬ್ಬರೂ ಅದನ್ನು ಹಿಡಿಯುವುದಿಲ್ಲ.

ಕೆಳಗಿಳಿದು ಬಂದು ಅವಳು ಶಾರದಕ್ಕನ ತೊಡೆಯ ಮೇಲೆ ತಲೆಯಿಟ್ಟು ಏನೋ ಹೇಳಿದಳು. ಯಾವ ಭಾಷೆಯೆಂದು ಮಳೆಯಲ್ಲಿ ಕೇಳಿಸಲಿಲ್ಲ. ಶಾರದಕ್ಕ ದೂರದಿಂದಲೇ ನನ್ನ ಕಡೆ ನೋಡಿ ತಲೆಯಾಡಿಸಿದರು.

ಇರಾ ನನ್ನನ್ನು ಬಿಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ, "ಉತ್ತರ ಕೊಟ್ರಾ?" ಗೇಟಿನಲ್ಲಿ ಸಿಕ್ಕರೆ, "ಕೊಟ್ರಾ?" ಕೊನೆಗೆ, ನಮ್ಮ ಶಾಲೆಯ ಹಳೆಯ ಹುಡುಗಿಯರ ವಾಟ್ಸಾಪ್ ಗ್ರೂಪಿನಲ್ಲಿ, ದಿನಾ ಬೆಳಿಗ್ಗೆ ಗುಲಾಬಿ ಹೂ ಬರುವ ಆ ಗ್ರೂಪಿನಲ್ಲಿ, ಕುಸುಮಳ ನಂಬರ್ ಕೇಳಿ ಪಡೆದೆ. ಬೆಳಗಾವಿಯಲ್ಲೇ ಇದ್ದಳು. ಒಂದು ಮಧ್ಯಾಹ್ನ, ಹನ್ನೊಂದರಿಂದ ಮೂರರವರೆಗೆ ಫೋನ್ ಎತ್ತಿ ಇಟ್ಟು ಮಾಡಿ, ಕಡೆಗೆ ಒತ್ತಿದೆ.

"ಹಲೋ, ಕುಸುಮ್ ಸ್ಪೀಕಿಂಗ್. ಹೂ ಈಸ್ ದಿಸ್, ಪ್ಲೀಸ್?"

ಅದೇ ಇಸ್ತ್ರಿ ಮಾಡಿದ ಇಂಗ್ಲಿಷು. ದನಿ ಮಾತ್ರ ಸವೆದಿತ್ತು.

"ನಾನು ಲೀಲಾ. ಕಾನ್ವೆಂಟ್ ಲೀಲಾ. ಪುಣೆಯಿಂದ ಮಾತಾಡ್ಲಿಕ್ಕತ್ತೀನಿ," ಎಂದೆ.

"ಓ. ಲೀಲಾ. ಹೌ ನೈಸ್. ಹೌ ಆರ್ ಯೂ?"

ಕುಶಲ ಕೇಳಿ ಮುಗಿಸಿದರೆ ಅಲ್ಲಿಗೇ ಮುಗಿಯುತ್ತದೆ ಎಂದು ಹೆದರಿಕೆಯಾಯಿತು. "ಒಂದು ನಾಲ್ಕು ಸಾಲು ಓದ್ತೀನಿ, ಕೇಳು," ಎಂದು ಹಾಳೆ ತೆಗೆದು ಓದಿಬಿಟ್ಟೆ. ಅವಲಕ್ಕಿ, ಸಾಕ್ಸ್, ಮೆಟ್ಟಿಲು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಆ ಕಡೆ ಏನೂ ಇಲ್ಲ. ಕಟ್ಟಾಯಿತೇನೋ ಎಂದು ಫೋನ್ ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ. ಅವಳ ಮನೆಯ ಫ್ಯಾನಿನ ಸದ್ದು ಬರುತ್ತಿತ್ತು.

"ಬಿದ್ದಿದ್ಯೇನು?" ಎಂದಳು ಕುಸುಮ್. ಕನ್ನಡದಲ್ಲಿ. "ಅವತ್ತ, ಖರೇನೇ ಬಿದ್ದಿದ್ಯೇನು?"

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಅವಳಿಗೆ ಎಲ್ಲ ಗೊತ್ತೆಂದುಕೊಂಡಿದ್ದೆ. ನಾನು ಬಿದ್ದದ್ದು ನಿಜವೋ ಅಲ್ಲವೋ ಎಂಬ ಆ ಒಂದು ಕೂದಲೆಳೆಯ ಅನುಮಾನವನ್ನು ಅವಳು ಅರವತ್ತು ವರ್ಷಕ್ಕೂ ಮೇಲೆ ಹಿಡಿದುಕೊಂಡಿದ್ದಳು. ಒಂದು ಸುಳ್ಳು ಸಾಕಾಗಿತ್ತು, ಹೌದು ಅಂದಿದ್ದರೆ.

"ಇಲ್ಲ," ಎಂದೆ. "ಬಿದ್ದಿರಲಿಲ್ಲ ಕುಸುಮ್. ನಾಟಕ ಮಾಡಿದ್ದೆ."

"ನಾ ಆಫೀಸಿಗೆ ಓಡಿದ್ದೆ," ಎಂದಳು ಅವಳು ನಿಧಾನಕ್ಕೆ. "ನೀ ಹೋದಮ್ಯಾಲೆ. ನಿನ್ನ ಮೊಣಕಾಲಿಗೆ ಸಿಸ್ಟರ್ ಹತ್ರ ಟಿಂಕ್ಚರ್ ಇಸಕೊಂಡು ಬರೋಣಂತ. ಕೊರಳಾಗ ಅದು ಅದ ಅಂತ ನೆನಪೇ ಇರಲಿಲ್ಲ ನನಗ. ಇಲ್ಲಾಂದ್ರ ಸಿಸ್ಟರ್ ಕಣ್ಣಿಗೆ ಬೀಳದಂಗ ಬೆಲ್ ಆಗೂತನಕ ಎಲ್ಲ್ಯರ ಅಡಗಿ ಕೂಡ್ತಿದ್ದೆ. ಸಿಸ್ಟರ್ ಮುಂದ ನಾನೇ ಹೋಗಿ ನಿಂತೆ."

ಸೋಮವಾರದ ಸಾಲಿನಲ್ಲಿ ನಿಂತು ನಾನು ನೋಡುತ್ತಿದ್ದ ಸಾಕ್ಸ್ ಕಣ್ಣ ಮುಂದೆ ಬಂತು. ಸಾರಿ ಎಂಬ ಮಾತು ಬಾಯಿಯವರೆಗೆ ಬಂತು. ಇಂಗ್ಲಿಷಿನಲ್ಲೇ ಬಂತು. ನುಂಗಿದೆ. ಕನ್ನಡದಲ್ಲಿ ಹುಡುಕುತ್ತಿದ್ದೆ. ಸಿಗುವ ಮೊದಲೇ ಅವಳು ಮಾತಾಡಿದಳು.

"ಈಗ ಹೆಂಗದ ಮೊಣಕಾಲು?"

"ಎರಡೂ ಹೋಗ್ಯಾವ," ಎಂದೆ.